ನಾದಕ್ಕೆ ಹೆಸರು ಬೇಡವೆ?

ಬೇಲೂರಿನ ಚೆನ್ನಕೇಶವ ದೇವಾಲಯವು ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠಿತವಾಯಿತು. ಅಲ್ಲಿಯ ಮದನಿಕೆಯರನ್ನು ಕಂಡು ತಲೆದೂಗದವರಿಲ್ಲ; ಪೀಠದ ಮೇಲಿನ ಬರಹವನ್ನು ಓದುವವರು ಮಾತ್ರ ವಿರಳ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳ ಹೆಸರುಗಳು ಅಲ್ಲಿ ಕೆತ್ತಲ್ಪಟ್ಟಿವೆ. ಹಳೇಬೀಡಿನ ಹೊಯ್ಸಳೇಶ್ವರನ ಭಿತ್ತಿಗಳಲ್ಲಿಯೂ ಹಾಗೆಯೇ. ದೇವರಿಗೆ ಅರ್ಪಿತವಾದ ಕೃತಿಯಲ್ಲಿಯೂ ಕೃತಿಕಾರನ ಹೆಸರಿಗೆ ಎಡೆಯುಂಟೆಂಬುದು ಆ ಕಾಲದ ನ್ಯಾಯ. ಕಲ್ಲಿಗೆ ಸಂದ ಈ ನ್ಯಾಯವು ನಾದಕ್ಕೆ ಸಲ್ಲದೆ ಹೋಗುತ್ತಿರುವುದು ಶೋಚನೀಯವು.

ಇಂದು ಲೋಕದಲ್ಲೆಲ್ಲ ಒಂದು ಪದ್ಧತಿಯು ಹಬ್ಬಿದೆ. ಅಂಗೈಯಗಲದ ಯಂತ್ರದಲ್ಲಿ ಗ್ರಾಮೀಣ ಗಾಯಕರ ಕಂಠವನ್ನು ಮುದ್ರಿಸಿಕೊಳ್ಳುವುದು. ಅದನ್ನು ತುಣುಕು ತುಣುಕಾಗಿ ಕತ್ತರಿಸಿ, ದೂರದೇಶಗಳ ವಾದ್ಯಗಳೊಡನೆ ಬೆಸೆದು ಹೊಸ ಹಾಡನ್ನು ಕಟ್ಟುವುದು. ಇದಕ್ಕೆ ಸ್ಯಾಂಪ್ಲಿಂಗ್ ಎಂದು ಹೆಸರು. ಪದ್ಧತಿಯು ಸ್ವತಃ ನಿಂದ್ಯವಲ್ಲ. ಇಬ್ಬರು ಆಂಗ್ಲರು ದೇಶದೇಶಗಳನ್ನು ಸುತ್ತಿ ಗಾಯಕರನ್ನು ಮುದ್ರಿಸಿಕೊಂಡು, 2002ರಲ್ಲಿ ‘ಒನ್ ಜೈಂಟ್ ಲೀಪ್’ ಎಂಬ ಸಂಕಲನವನ್ನು ಪ್ರಕಟಿಸಿ, ಸಹಭಾಗಿಗಳ ಹೆಸರುಗಳನ್ನೂ ಕೊಟ್ಟರು. ನಿಂದ್ಯವಾದುದು ಹೆಸರನ್ನು ಕಳಚಿ ನಾದವನ್ನು ಮಾತ್ರ ಒಯ್ಯುವ ದುರಭ್ಯಾಸ. ಬೇಲೂರು ಹಳೇಬೀಡುಗಳು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ಅರಸೀಕೆರೆಯ ಜಂಕ್ಷನ್ನಿನಲ್ಲಿ ಇಳಿದು ಶಿಲ್ಪವನ್ನು ನೋಡಬರುವವರ ಕಿವಿಗೆ ವೀರಗಾಸೆಯ ವಾದ್ಯವೂ, ತಂಬೂರಿಯ ತತ್ತ್ವಪದವೂ, ಮದುವೆಮನೆಯ ಸೋಬಾನೆಯೂ ಬೀಳದಿರವು. ಆದುದರಿಂದ ಈ ವಿಚಾರವು ಹಾಸನ ಜಿಲ್ಲೆಯವರಿಗೆ ಪರಕೀಯವಲ್ಲ.

ಇಲ್ಲಿ ಮೊದಲನೆಯ ಪೂರ್ವಪಕ್ಷವಿದು: “ಜನಪದ ಗೀತಕ್ಕೆ ಒಡೆಯನಿಲ್ಲ, ಅದು ಎಲ್ಲರ ಸೊತ್ತು.” ಒಪ್ಪೋಣ. ಆದರೆ ಗೀತವು ಬೇರೆ, ಹಾಡಿದ ಕಂಠವು ಬೇರೆ. ಕೆರೆಯ ನೀರು ಊರಿನದು. ಕೊಡ ಹೊತ್ತು ತಂದವಳ ಬೆವರು ಊರಿನದಲ್ಲ. ಭಾರತದ 1957ರ ಕೃತಿಸ್ವಾಮ್ಯ ಶಾಸನಕ್ಕೆ 1994ರಲ್ಲಿ ಆದ ತಿದ್ದುಪಡಿಯಿಂದ ಹಾಡುವವರಿಗೂ ನುಡಿಸುವವರಿಗೂ ಹಕ್ಕು ದೊರೆಯಿತು. 2012ರ ತಿದ್ದುಪಡಿಯು ತಮ್ಮ ಹೆಸರಿನಿಂದ ಗುರುತಿಸಲ್ಪಡುವ ಹಕ್ಕನ್ನೂ ಕೊಟ್ಟಿತು. ಉಪಯೋಗದ ರೀತಿಯಿಂದಲೇ ಹೆಸರನ್ನು ಬಿಡಬೇಕಾದಲ್ಲಿ ಮಾತ್ರ ವಿನಾಯಿತಿ. ಈ ಸಂದಿಯಲ್ಲಿ ನುಸುಳಬಯಸುವವರು ಶಾಸನದ ಅಕ್ಷರವನ್ನು ಕಾಯಬಹುದು, ಧರ್ಮವನ್ನಂತೂ ಕಾಯಲಾರರು.

ಎರಡನೆಯದು: “ತೆಗೆದುಕೊಂಡುದು ಕ್ಷಣಮಾತ್ರದ ತುಣುಕು, ಅದಕ್ಕೇನು ಹೆಸರು?” ಸಾಲೊಮನ್ ದ್ವೀಪಗಳಲ್ಲಿ ಅಫುನಾಕ್ವಾ ಎಂಬಾಕೆ ಹಾಡಿದ ಜೋಗುಳವನ್ನು 1970ರ ಸುಮಾರಿಗೆ ಹ್ಯೂಗೋ ಜೆಂಪ್ ಎಂಬ ವಿದ್ವಾಂಸನು ಅಧ್ಯಯನಕ್ಕಾಗಿ ಮುದ್ರಿಸಿಕೊಂಡನು. ‘ಡೀಪ್ ಫಾರೆಸ್ಟ್’ ಎಂಬ ಫ್ರೆಂಚ್ ಜೋಡಿಯು 1992ರಲ್ಲಿ ಅದನ್ನು ತನ್ನ ಹಾಡಿಗೆ ಬಳಸಿತು. ಜೆಂಪನು ಬಹಿರಂಗವಾಗಿ ಆಕ್ಷೇಪಿಸಿದನು. ಹಾಡು ಲೋಕವನ್ನೆಲ್ಲ ಸುತ್ತಿತು. ಅದನ್ನು ಕೇಳಿದವರಲ್ಲಿ ಎಷ್ಟು ಮಂದಿ ಆ ತಾಯಿಯ ಹೆಸರನ್ನು ಬಲ್ಲರು? ತೈವಾನಿನ ಅಮಿಸ್ ಜನಾಂಗದ ವೃದ್ಧ ದಂಪತಿಗಳಾದ ಡಿಫಾಂಗ್ ಮತ್ತು ಇಗಾಯ್ ಎಂಬುವರ ಕಂಠವೂ ‘ಎನಿಗ್ಮಾ’ ಎಂಬ ಮೇಳದ ಹಾಡಿನಲ್ಲಿ ಹೀಗೆಯೇ ಸೇರಿಹೋಯಿತು. ಅವರು 1998ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, 1999ರಲ್ಲಿ ರಾಜಿಯಾಯಿತು. ತುಣುಕು ಅಲ್ಪವೆಂಬವರು ಆ ತುಣುಕನ್ನು ಬಿಟ್ಟೇ ಹಾಡನ್ನು ಕಟ್ಟಬಹುದಿತ್ತಲ್ಲವೆ?

ಮೂರನೆಯದು: “ಮುದ್ರಿಸದಿದ್ದರೆ ಇವೆಲ್ಲ ನಶಿಸಿಹೋಗುವುವು.” ಇದರಲ್ಲಿ ಸತ್ಯಾಂಶವುಂಟು. ಎಚ್. ಎಲ್. ನಾಗೇಗೌಡರು ಹಳ್ಳಿಹಳ್ಳಿಗಳನ್ನು ಸುತ್ತಿ ಹಾಡುಗಳನ್ನು ಸಂಗ್ರಹಿಸಿದರು. 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ಸ್ಥಾಪಿಸಿದರು. ರಕ್ಷಣೆಯೆಂದರೆ ಅದು. ಊರು, ಸಂದರ್ಭ, ಹೆಸರುಗಳಿಲ್ಲದೆ ಕತ್ತರಿಸಿಟ್ಟ ನಾದವು ಉಳಿದುದೆಂದು ಹೇಗೆ ಹೇಳುವುದು? ಗ್ರಾಮಫೋನು ಭಾರತಕ್ಕೆ ಬಂದ ಹೊಸತರಲ್ಲಿ, 1902ರಲ್ಲಿ, ಕಲ್ಕತ್ತೆಯಲ್ಲಿ ಹಾಡಿದ ಗೌಹರ್ ಜಾನಳು ಹಾಡಿನ ಕೊನೆಗೆ ತನ್ನ ಹೆಸರನ್ನು ತಾನೇ ಸಾರುತ್ತಿದ್ದಳು. ತಟ್ಟೆಗಳನ್ನು ಅಚ್ಚುಹಾಕುವ ಜರ್ಮನಿಯ ಕಾರ್ಖಾನೆಯವರಿಗೆ ಗುರುತು ತಿಳಿಯಬೇಕಾಗಿದ್ದಿತು. ಆಕೆ 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡಳು; ಆ ಹೆಸರು ತಟ್ಟೆಯಲ್ಲಿ ಇಂದಿಗೂ ಕೇಳಿಸುತ್ತದೆ. ಅಂದಿನ ಒರಟು ಯಂತ್ರಕ್ಕೆ ಸಾಧ್ಯವಾದುದು ಇಂದಿನ ಸೂಕ್ಷ್ಮಯಂತ್ರಕ್ಕೆ ಅಸಾಧ್ಯವೆಂದರೆ ನಂಬುವವರಾರು?

“ಹಣ ಕೊಟ್ಟಿದ್ದೇವೆ” ಎಂಬ ಮಾತೂ ಉಂಟು. ಒಂದು ದಿನದ ಕೂಲಿಯಿಂದ ಹಾಡುವವರ ಒಂದು ದಿನವು ಸಲ್ಲಬಹುದು. ಆಯುಷ್ಯವೆಲ್ಲ ಸಾಧಿಸಿದ ಕಂಠವು ಸಲ್ಲದು.

ಆದುದರಿಂದ ಕರ್ತವ್ಯವು ಸ್ಪಷ್ಟವಾಗಿದೆ. ಮುದ್ರಿಸುವವರು ಕರಾರನ್ನು ಕನ್ನಡದಲ್ಲಿ ಓದಿ ಹೇಳಿ ಸಮ್ಮತಿ ಪಡೆಯಲಿ. ಹೆಸರು, ಊರು, ಕಲಿಸಿದ ಗುರುಗಳನ್ನು ಬರೆದುಕೊಳ್ಳಲಿ. ಮುದ್ರಿಕೆಯ ಒಂದು ಪ್ರತಿಯನ್ನು ಊರಿನಲ್ಲಿಯೇ ಬಿಡಲಿ. ಹೊಸ ಉಪಯೋಗಕ್ಕೆ ಹೊಸದಾಗಿ ಕೇಳಲಿ; ಲಾಭವು ಬಂದರೆ ಭಾಗವು ಬರಲಿ. ಊರಿನ ವಿದ್ಯಾವಂತರೂ ಸುಮ್ಮನಿರತಕ್ಕದ್ದಲ್ಲ. ಹಾಡುವ ಅಜ್ಜಿಗೆ ಕರಾರನ್ನು ಓದಲು ಬಾರದಿದ್ದರೆ, ಓದಬಲ್ಲ ಮೊಮ್ಮಗನು ಪಕ್ಕದಲ್ಲಿ ಕುಳಿತು ಪ್ರತಿಯೊಂದು ಪಂಕ್ತಿಯನ್ನೂ ಕೇಳಲಿ. ಹೆಸರು ಬರೆಯಲೊಪ್ಪದವರಿಗೆ ಹಾಡನ್ನೂ ಕೊಡಬೇಕಾದುದಿಲ್ಲ.