ಇದೇನು ಸ್ವಾಮಿ, ಅರಮನೆಯೆ?

“ಇದೇನು ಸ್ವಾಮಿ, ಅರಮನೆಯೆ? ನಮ್ಮೂರ ಪಟೇಲರ ಮನೆ ಇದ್ದ ಹಾಗಿದೆ!”

ಪದ್ಮನಾಭಪುರದ ಹೆಬ್ಬಾಗಿಲಲ್ಲಿ ನಮ್ಮ ಅಧ್ಯಾಪಕ ಮಿತ್ರರೊಬ್ಬರು ಅಪ್ಪಣೆ ಕೊಡಿಸಿದ ಮಾತಿದು. ನಾಲ್ಕಾರು ಮಂದಿ ನಕ್ಕರು. ನನಗೆ ನಗು ಬರಲಿಲ್ಲ.

ತಿರುವಾಂಕೂರಿನ ದೊರೆಗಳು 1795ರವರೆಗೆ ರಾಜ್ಯವಾಳಿದ್ದು ಇಲ್ಲಿಂದ. ಇಂದು ಊರು ತಮಿಳುನಾಡಿನದು, ಅರಮನೆಯ ಪಾಲನೆ ಕೇರಳದ್ದು. ಮಿತ್ರರು ತಗ್ಗಾದ ಸೂರನ್ನು ಕಂಡರೇ ಹೊರತು ಅದೇಕೆ ತಗ್ಗಿದೆಯೆಂದು ಕೇಳಲಿಲ್ಲ. ವರ್ಷಕ್ಕೆ ಎರಡು ಮಳೆಗಾಲ ಕಾಣುವ ನಾಡಿನಲ್ಲಿ ಕಡಿದಾದ ಹೆಂಚಿನ ಮಾಡು ಗೋಡೆಯ ಮೇಲೆ ಹಾಗೆ ಇಳಿಬೀಳದಿದ್ದರೆ ಮರ ಉಳಿದೀತೆ? ಮಂತ್ರಶಾಲೆಯ ಮರದ ಜಾಲಂಧ್ರಗಳು ಬಿಸಿಲನ್ನು ಹೊರಗೇ ನಿಲ್ಲಿಸಿ ಗಾಳಿಯನ್ನಷ್ಟೇ ಒಳಕ್ಕೆ ಬಿಡುತ್ತವೆ. ಹೊರಗೆ ಉರಿಬಿಸಿಲು; ಒಳಗೆ ನಾನು ಬೆವರೊರಸಿಕೊಳ್ಳುವುದನ್ನೇ ಮರೆತಿದ್ದೆ. ಕಾಲ ಕೆಳಗೆ ಕನ್ನಡಿಯಂಥ ಕರಿನೆಲ. ಅದಕ್ಕೆ ಮೊಟ್ಟೆಯ ಬಿಳಿ ಬೆರೆಸಿದ್ದರೆಂಬುದೊಂದೇ ನಮ್ಮವರ ನೆನಪಿನಲ್ಲಿ ಉಳಿದದ್ದು!

ತಪ್ಪು ಮಿತ್ರರೊಬ್ಬರದೇ ಅಲ್ಲ. ಅರಮನೆಯೆಂದರೆ ನಮಗೆ ಮೈಸೂರಿನದು, ಅದರ ಗುಮ್ಮಟ, ದೀಪಗಳ ಸಾಲು. ಹೆನ್ರಿ ಇರ್ವಿನ್ ಎಂಬವರು ರೂಪಿಸಿದ ಆ ಕಟ್ಟಡ ಮುಗಿದದ್ದು 1912ರಲ್ಲಿ. ಅದಕ್ಕೆ ಮುಂಚೆ ಅಲ್ಲಿದ್ದುದೂ ಮರದ ಅರಮನೆಯೇ. 1897ರಲ್ಲಿ, ಮದುವೆಯ ಸಂಭ್ರಮದ ನಡುವೆ, ಬೆಂಕಿಗೆ ಆಹುತಿಯಾಯಿತು. ಅದನ್ನು ನಾವು ಮರೆತೇಬಿಟ್ಟಿದ್ದೇವೆ. ಮರವೆಂದರೆ ಬಡತನವೆಂದು ತಿಳಿದಿದ್ದೇವೆ.

ಹಿಂದಿರುಗುವಾಗ ಬಸ್ಸಿನಲ್ಲಿ ಮಿತ್ರರನ್ನು ಕೇಳಿದೆ: “ನಿಮ್ಮೂರ ಪಟೇಲರ ಮನೆ ಈಗ ಹೇಗಿದೆ?”

ಕೆಡವಿ ತಾರಸಿ ಹಾಕಿಸಿದರಂತೆ. ಕಂಬಗಳು ಸೌದೆಯ ಬೆಲೆಗೆ ಹೋದುವಂತೆ.