ಕ್ಯಾಂಪರ್‌ವ್ಯಾನ್ ಬೇಕಾ, ಟಾಯ್ಲೆಟ್ ಬೇಕಾ?

ಇನ್‌ಸ್ಟಾದಲ್ಲಿ ಕ್ಯಾಂಪರ್‌ವ್ಯಾನ್ ರೀಲ್ ನೋಡದವರು ನಮ್ಮ ಬ್ಯಾಚ್‌ನಲ್ಲಿ ಯಾರೂ ಇಲ್ಲ ಅನ್ಸುತ್ತೆ. ಹಿಂದಿನ ಬಾಗಿಲು ತೆಗೆದರೆ ಸಮುದ್ರ, ಒಳಗೆ ಬಿಳಿ ಬೆಡ್‌ಶೀಟ್, ಪುಟ್ಟ ಸ್ಟವ್ ಮೇಲೆ ಕಾಫಿ, ಪಕ್ಕದಲ್ಲಿ ನಗ್ತಾ ಇರೋ ಮಗು. ನೋಡಿದ ತಕ್ಷಣ "ಪ್ಲೇಸ್‌ಮೆಂಟ್ ಆದ್ಮೇಲೆ ಒಂದು ತಗೋಬೇಕು ಮಗಾ" ಅಂತೀವಿ. ನಮಗೆ ಅದು ಶೋಕಿ. ಚಿಕ್ಕ ಮಕ್ಕಳಿರೋರಿಗೆ ಅದರಲ್ಲಿ ಬೇರೇನೋ ಕಾಣುತ್ತೆ ಅಂತ ನನಗೆ ಗೊತ್ತಾಗಿದ್ದು ನಮ್ಮ ಅಕ್ಕ-ಭಾವ ಸೀರಿಯಸ್ಸಾಗಿ ಅಂಥದ್ದೊಂದು ವ್ಯಾನ್ ಹುಡುಕೋಕೆ ಶುರು ಮಾಡಿದಾಗ.

ಅಕ್ಕನಿಗೆ ಇಬ್ಬರು ಮಕ್ಕಳು. ಮಗನಿಗೆ ಮೂರೂವರೆ ವರ್ಷ, ಮಗಳಿಗೆ ಹತ್ತು ತಿಂಗಳು. ಅವರಿರೋದು ಬೆಂಗಳೂರಲ್ಲಿ, ನಮ್ಮ ಊರು ಶಿರಸಿ ಹತ್ತಿರ, ಸುಮಾರು 400 ಕಿ.ಮೀ. ಊರಲ್ಲಿರೋ ಅಜ್ಜಿಗೆ 86 ವರ್ಷ. ಮರಿಮಗಳನ್ನ ಇವತ್ತಿನವರೆಗೆ ವಿಡಿಯೋ ಕಾಲ್‌ನಲ್ಲಿ ಮಾತ್ರ ನೋಡಿದ್ದಾರೆ. ಪ್ರತಿ ಭಾನುವಾರ "ಯಾವಾಗ ಬರ್ತೀಯೇ?" ಅಂತ ಕೇಳ್ತಾರೆ, ಅಕ್ಕ "ಮುಂದಿನ ತಿಂಗಳು ಅಜ್ಜಿ" ಅಂತಾಳೆ. ಈ ಮುಂದಿನ ತಿಂಗಳು ಯಾಕೆ ಬರ್ತಿಲ್ಲ ಅಂದ್ರೆ ನಿಮಗೆ ನಗು ಬರಬಹುದು. ಟಾಯ್ಲೆಟ್ ಸಮಸ್ಯೆ.

ಕೆಲವು ತಿಂಗಳ ಹಿಂದೆ ಅವರು ಕಾರಲ್ಲಿ ಮೈಸೂರಿಗೆ, ಭಾವನ ಮನೆಗೆ ಹೋಗಿದ್ರು, ನಾನೂ ಜೊತೆಗಿದ್ದೆ. ಅಕ್ಕ ಬೆಳಗ್ಗೆಯಿಂದ ಒಂದು ಲೋಟ ನೀರೂ ಕುಡಿದಿರಲಿಲ್ಲ. ದಾರಿಯಲ್ಲಿ ಎಲ್ಲಿ ಹೋಗೋದು ಅನ್ನೋ ಭಯ. ಮಗುವಿಗೆ ಹಾಲು ಕುಡಿಸೋ ತಾಯಿ ನೀರು ಕುಡಿಯದೆ ಕೂತ್ಕೋಬೇಕಾ? 118 ಕಿ.ಮೀ.ಯ ಆ ಹೊಸ ಹೈವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯ್ತು. ವೇಗಕ್ಕೆ ಅದನ್ನ ಮೀರಿಸೋದು ಇಲ್ಲ. ಆದರೆ ಮೇನ್ ರೋಡ್ ಹಿಡಿದ್ರೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಬೈಪಾಸ್. ತಟ್ಟೆ ಇಡ್ಲಿ, ಮದ್ದೂರು ವಡೆ ತಪ್ಪಿದ್ದಕ್ಕೆ ಎಲ್ಲರೂ ಮೀಮ್ ಮಾಡಿದ್ರು. ಆ ಹೋಟೆಲ್‌ಗಳ ಜೊತೆ ಅಲ್ಲಿನ ಟಾಯ್ಲೆಟ್ಟೂ ದಾರಿಯಿಂದ ಹೋಯ್ತು ಅನ್ನೋದಕ್ಕೆ ಯಾರೂ ಮೀಮ್ ಮಾಡಲಿಲ್ಲ. ಮಂಡ್ಯ ದಾಟೋ ಹೊತ್ತಿಗೆ ಮಗನಿಗೆ "ಈಗಲೇ ಬೇಕು". ಹಿಂದಿನಿಂದ ಗಾಡಿಗಳು ನೂರರ ಸ್ಪೀಡಲ್ಲಿ ಬರ್ತಿರುವಾಗ ಪಕ್ಕಕ್ಕೆ ನಿಲ್ಲಿಸೋಕೆ ಆಗುತ್ತಾ? ಮೈಸೂರಿಗೇ ಹೀಗಾದ್ರೆ ಶಿರಸಿಗೆ ಹೇಗೆ ಅಂತ ಅಕ್ಕ ಅವತ್ತೇ ನಿರ್ಧಾರ ಮಾಡಿದಳು.

ಬಸ್ಸು, ರೈಲು ಇಲ್ವಾ ಅಂತ ಕೇಳಬಹುದು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಲ್ಲಿ ಅಕ್ಕನಿಗೆ ಟಿಕೆಟ್ ಫ್ರೀ. ಆದರೆ ಡಯಾಪರ್ ಬದಲಿಸೋಕೆ ಆ ಸೀಟಲ್ಲಿ ಜಾಗ ಎಲ್ಲಿದೆ? ಸ್ಲೀಪರ್ ಬಸ್ಸಲ್ಲಿ ಮಗು ರಾತ್ರಿ ಎರಡು ಗಂಟೆಗೆ ಅತ್ತರೆ ಮೂವತ್ತು ಜನ ಎದ್ದು ನೋಡ್ತಾರೆ. ರೈಲಲ್ಲಿ ಟಾಯ್ಲೆಟ್ ಇದೆ, ಸರಿ. ಶಿರಸಿಗೆ ರೈಲಿಲ್ಲ, ತಾಳಗುಪ್ಪದಲ್ಲಿ ಇಳಿದು ಮತ್ತೆ ಗಾಡಿ ಮಾಡಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ರೈಲಲ್ಲಿ ಟಿಕೆಟ್ ಇಲ್ಲ, ಬರ್ತೂ ಇಲ್ಲ. ತಾಯಿ ಆ ಸಣ್ಣ ಬರ್ತ್‌ನಲ್ಲಿ ಮಗುವನ್ನ ಗೋಡೆ ಕಡೆ ಮಲಗಿಸಿ, ತಾನು ಅಂಚಲ್ಲಿ ಒಂದು ಕೈ ಊರಿಕೊಂಡು ರಾತ್ರಿ ಕಳೀಬೇಕು. 2022ರಲ್ಲಿ ಲಕ್ನೋ ಮೇಲ್‌ನಲ್ಲಿ ಪ್ರಯೋಗಕ್ಕೆ ಅಂತ ಲೋವರ್ ಬರ್ತ್‌ಗೆ ಮಗುವಿಗಾಗಿ ಒಂದು ಪುಟ್ಟ ಬರ್ತ್ ಜೋಡಿಸಿದ್ರು. ಮಡಚಬಹುದಾದ ಹಲಗೆ, ಪಕ್ಕಕ್ಕೊಂದು ತಡೆ, ಅಷ್ಟೇ. ಮೆಕ್ಯಾನಿಕಲ್‌ನವರು ಒಂದು ಸೆಮಿಸ್ಟರ್‌ನಲ್ಲಿ ಡಿಸೈನ್ ಮಾಡಬಹುದಾದ ವಸ್ತು. ನಮ್ಮ ತಾಳಗುಪ್ಪ ರೈಲಲ್ಲಿ ಅದನ್ನ ನಾನಂತೂ ನೋಡಿಲ್ಲ.

ಹಾಗಾಗಿ ಭಾವ ಕ್ಯಾಂಪರ್‌ವ್ಯಾನ್ ಹಿಂದೆ ಬಿದ್ರು. ಬಾಡಿಗೆ ಕೊಡೋ ಒಂದು ಕಂಪನಿಗೆ ನನ್ನ ಎದುರೇ ಫೋನ್ ಮಾಡಿದ್ರು. ದಿನದ ಬಾಡಿಗೆ ಕೇಳಿದ್ರೆ ನಾಲ್ಕು ಜನ ವಿಮಾನದಲ್ಲಿ ಹುಬ್ಬಳ್ಳಿಗೆ ಹೋಗಿ ಬರಬಹುದು. ಮಿನಿಮಮ್ ಕಿ.ಮೀ. ಬೇರೆ, ಡ್ರೈವರ್ ಬಾಟಾ ಬೇರೆ, ದೀಪಾವಳಿ ಟೈಮಲ್ಲಿ ಗಾಡಿಯೇ ಇಲ್ಲ. ಕೊನೆಗೆ ಭಾವ ಕೇಳಿದ್ರು: "ಚೈಲ್ಡ್ ಸೀಟ್ ಕಟ್ಟೋಕೆ ಬೆಲ್ಟ್ ಇರೋ ಸೀಟ್ ಹಿಂದುಗಡೆ ಇದೆಯಾ?" ಅತ್ತಲಿಂದ ಬಂದ ಉತ್ತರ: "ಯಾಕೆ ಸಾರ್, ಮಕ್ಕಳು ಬೆಡ್ ಮೇಲೆ ಆಟ ಆಡ್ಕೊಂಡಿರ್ತಾರೆ."

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ರೀಲ್‌ಗಳಲ್ಲೂ ತೋರಿಸೋದು ಇದನ್ನೇ. ಗಾಡಿ ಗಂಟೆಗೆ 80 ಕಿ.ಮೀ. ಅಂದ್ರೆ ಸೆಕೆಂಡಿಗೆ ಸುಮಾರು 22 ಮೀಟರ್. ವೇಗದ ವರ್ಗವನ್ನ 2g ಇಂದ ಭಾಗಿಸಿ, ಪಿಯುಸಿ ಫಿಸಿಕ್ಸ್ ಸಾಕು. ಸುಮಾರು 25 ಮೀಟರ್ ಬರುತ್ತೆ. ಗಾಡಿ ಗುದ್ದಿ ನಿಂತರೆ, ಬೆಡ್ ಮೇಲೆ ಸುಮ್ಮನೆ ಕೂತ ಮಗು ಎಂಟನೇ ಮಹಡಿಯಿಂದ ಬಿದ್ದಷ್ಟೇ ವೇಗದಲ್ಲಿ ಮುಂದಕ್ಕೆ ಹೋಗುತ್ತೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಚೈಲ್ಡ್ ಸೀಟ್ ಇಲ್ಲದಿದ್ರೆ 1,000 ರೂಪಾಯಿ ದಂಡ ಅಂತ ಇದೆ. ಅಂದ್ರೆ ಕ್ಯಾಂಪರ್‌ವ್ಯಾನ್‌ನ ದೊಡ್ಡ ಆಕರ್ಷಣೆ, ಮಕ್ಕಳು ಆರಾಮಾಗಿ ಮಲಗಿ ಬರ್ತಾರೆ ಅನ್ನೋದು, ಗಾಡಿ ನಿಂತಾಗ ಮಾತ್ರ ನಿಜ.

"ಹಾಗಾದ್ರೆ ನಾವೇ ಮಾಡಿಸೋಣ ಕಣೋ, ನೀನು ಎಂಜಿನಿಯರ್ ಅಲ್ವಾ" ಅಂದ್ರು ಭಾವ. ಹಳೇ ಟಿ.ಟಿ. ತಗೊಂಡು ಹಿಂದಿನ ಸೀಟ್ ಕಿತ್ತು, ಬೆಡ್ ಹಾಕಿ, ಟಾಯ್ಲೆಟ್ ಕೂರಿಸೋ ಪ್ಲಾನ್. ಅವರ ಜೊತೆ ಒಂದು ಆರ್‌ಟಿಒ ಕಚೇರಿಗೆ ಹೋದೆ. ಮೂರು ಕೌಂಟರ್, ಮೂರು ಉತ್ತರ. ಕಾನೂನನ್ನ ಆಮೇಲೆ ಓದಿದೆ. ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರೋ ಹಾಗೆ ಮಾಲೀಕರು ಗಾಡಿ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳ್ತು. ಮೋಟಾರ್ ಕ್ಯಾರವಾನ್‌ಗೆ ಅಂತಲೇ ಎಐಎಸ್-124 ಅನ್ನೋ ಮಾನದಂಡ ಇದೆ, ಆದರೆ ಅದರ ಪರೀಕ್ಷೆಗಳು ಗಾಡಿ ತಯಾರಿಸೋ ಕಂಪನಿಗಳಿಗೆ ಹೇಳಿಮಾಡಿಸಿದ್ದು. ಒಂದು ಕುಟುಂಬ ತನ್ನ ಒಂದೇ ಒಂದು ವ್ಯಾನ್‌ಗೆ ಅಷ್ಟೆಲ್ಲ ಮಾಡೋದು ಆಗದ ಮಾತು. ಸೈಲೆನ್ಸರ್ ಬದಲಿಸಿ ಫೈನ್ ಕಟ್ಟಿದ ನಮ್ಮ ಹಾಸ್ಟೆಲ್ ಗೆಳೆಯರು ಈ ಸೆಕ್ಷನ್‌ಗೆ ಶಾಪ ಹಾಕ್ತಾರೆ. ನಾನು ಹಾಕಲ್ಲ. ಗುಜರಿ ವೆಲ್ಡಿಂಗ್ ಮಾಡಿದ ಬೆಡ್ಡು, ಅದರ ಕೆಳಗೆ ಗ್ಯಾಸ್ ಸಿಲಿಂಡರ್, ಮೇಲೆ ಮಕ್ಕಳು, ಇದನ್ನ ತಡೆಯೋಕೆ ಒಂದು ಕಾನೂನು ಬೇಕೇ ಬೇಕು. ನನ್ನ ತಕರಾರು ಇಷ್ಟೇ: ಸರಿಯಾಗಿ ಮಾಡೋರಿಗೆ ಒಂದು ದಾರಿ ಇರಲಿ, ಫೀಸ್ ಎಷ್ಟು, ಯಾರು ಪರೀಕ್ಷೆ ಮಾಡ್ತಾರೆ ಅಂತ ಒಂದೇ ಹಾಳೆಯಲ್ಲಿ ಬರೆದಿರಲಿ.

ಸರಿ, ಎಲ್ಲ ಆಯ್ತು, ವ್ಯಾನ್ ಬಂತು ಅಂತಲೇ ಇಟ್ಕೊಳ್ಳಿ. ರಾತ್ರಿ ಎಸಿ ಬೇಕು, ಮಕ್ಕಳಿಗೆ ಸೆಕೆ ಆಗಲ್ಲ. ಒಂದು ಟನ್ ಎಸಿ ಓಡುವಾಗ ಸುಮಾರು ಒಂದು ಕಿಲೋವ್ಯಾಟ್ ಎಳೆಯುತ್ತೆ. ಮನೆಯ ಯುಪಿಎಸ್‌ಗೆ ಹಾಕೋ 12 ವೋಲ್ಟ್, 200 ಎಎಚ್ ಬ್ಯಾಟರಿಯಲ್ಲಿ ಇರೋದು 2.4 ಕಿಲೋವ್ಯಾಟ್-ಅವರ್, ಬ್ಯಾಟರಿ ಹಾಳಾಗದ ಹಾಗೆ ಬಳಸೋದಾದ್ರೆ ಅದರಲ್ಲಿ ಅರ್ಧ. ಒಂದು ಗಂಟೆ ಚಿಲ್ಲರೆಗೆ ಎಸಿ ಆಫ್. ಅಂದ್ರೆ ಎಲ್ಲಾದ್ರೂ ಪ್ಲಗ್ ಹಾಕಲೇಬೇಕು. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡೋಕೂ ಜಾಗ ಬೇಕು, ಅದನ್ನ ರೀಲ್‌ನಲ್ಲಿ ಯಾರೂ ತೋರಿಸಲ್ಲ. ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸದ ನೀತಿ ತಂದಾಗ ಬರೀ ಗಾಡಿ ಬಗ್ಗೆ ಹೇಳಲಿಲ್ಲ, ಅವನ್ನ ನಿಲ್ಲಿಸೋ ಪಾರ್ಕ್ ಬಗ್ಗೆಯೂ ಹೇಳ್ತು, ವಾಗಮಣ್‌ನಲ್ಲಿ ಮೊದಲನೆಯದು ಆಯ್ತು. ಆದ್ರೆ ನೋಡಿ, ಪ್ಲಗ್ಗು, ನೀರು, ಟಾಯ್ಲೆಟ್, ಸೇಫ್ ಪಾರ್ಕಿಂಗ್ ಇಷ್ಟೂ ಇರೋ ಜಾಗ ಹೈವೇ ಪಕ್ಕ ಸಿಕ್ಕರೆ ಅಕ್ಕನಿಗೆ ವ್ಯಾನ್ ಯಾಕೆ ಬೇಕು? ಅವಳ ಸಣ್ಣ ಕಾರೇ ಸಾಕು.

ದೊಡ್ಡವರು ಒಂದು ಮಾತು ಹೇಳ್ತಾರೆ, "ನಿಮ್ಮನ್ನೆಲ್ಲ ನಾವು ಕೆಂಪು ಬಸ್ಸಲ್ಲೇ ಹೊತ್ಕೊಂಡು ಓಡಾಡಲಿಲ್ವಾ?" ಓಡಾಡಿದ್ರು, ನಿಜ. ಆ ಬಸ್ಸು ಊರೂರಿಗೆ ಬಸ್ ಸ್ಟ್ಯಾಂಡಲ್ಲಿ ನಿಲ್ತಿತ್ತು, ಜೊತೆಗೆ ಮಗು ಹಿಡಿಯೋಕೆ ಚಿಕ್ಕಮ್ಮನೋ ಅತ್ತೆಯೋ ಇರ್ತಿದ್ರು. ಅಮ್ಮನ್ನ ಕೂರಿಸಿ ಕೇಳಿದ್ರೆ ಅವರೂ ನೀರು ಕುಡೀತಿರಲಿಲ್ಲವಂತೆ. ಅದನ್ನ ಹೆಮ್ಮೆ ಅಂತ ಮುಂದುವರಿಸೋದು ಬೇಡ.

ಪೆಟ್ರೋಲ್ ಬಂಕ್‌ಗಳಲ್ಲಿ ಟಾಯ್ಲೆಟ್, ಕುಡಿಯೋ ನೀರು, ಟೈರ್‌ಗೆ ಗಾಳಿ ಫ್ರೀಯಾಗಿ ಕೊಡಬೇಕು ಅನ್ನೋದು ಈಗಾಗಲೇ ಇರೋ ನಿಯಮ. ಹೊಸ ಕಾನೂನೇನೂ ಬೇಕಿಲ್ಲ. ಬೀಗದ ಕೈ ಮ್ಯಾನೇಜರ್ ಹತ್ರ, ಮ್ಯಾನೇಜರ್ ಊಟಕ್ಕೆ ಹೋಗಿರ್ತಾರೆ, ಅದೊಂದು ಬಗೆಹರಿಬೇಕು. ಹೈವೇ ಯೋಜನೆಯಲ್ಲಿ ಟೋಲ್ ಗೇಟ್ ಶುರುವಾಗೋ ದಿನವೇ ಟಾಯ್ಲೆಟ್, ಹಾಲುಣಿಸೋ ಕೋಣೆ ಕೂಡ ಶುರುವಾಗಬೇಕು, ಇಲ್ಲ ಅಂದ್ರೆ ಟೋಲ್ ತಗೋಬಾರದು. ಇದು ನನ್ನ ಅಭಿಪ್ರಾಯ, ಸಿವಿಲ್‌ನವರು ಬೈದ್ರೂ ಪರವಾಗಿಲ್ಲ.

ಸದ್ಯಕ್ಕೆ ಭಾವ ವ್ಯಾನ್ ಆಸೆ ಬಿಟ್ಟಿದ್ದಾರೆ. ದೀಪಾವಳಿಗೆ ಕಾರಲ್ಲೇ ಹೋಗೋದು, ಮಧ್ಯೆ ದಾವಣಗೆರೆಯಲ್ಲಿ ಅವರ ಗೆಳೆಯರ ಮನೆಯಲ್ಲಿ ಒಂದು ರಾತ್ರಿ ಅಂತ ಪ್ಲಾನ್. ನಾನು ದಾರಿಯ ಟಾಯ್ಲೆಟ್‌ಗಳ ಲಿಸ್ಟ್ ಮಾಡ್ತಿದ್ದೇನೆ: ಬಾಗಿಲಿಗೆ ಚಿಲಕ ಇದೆಯಾ, ನೀರು ಬರುತ್ತಾ, ಮಗುವನ್ನ ಮಲಗಿಸೋಕೆ ಒಂದು ಕಟ್ಟೆ ಇದೆಯಾ. ತುಮಕೂರು, ಶಿರಾ ಕಡೆಯದ್ದು ಆಗಿದೆ. ಹಿರಿಯೂರು, ಚಿತ್ರದುರ್ಗ, ಹಾವೇರಿ ಕಡೆಯವರು ಕ್ಯಾಂಪಸ್‌ನಲ್ಲಿ ಬೇಕಾದಷ್ಟು ಜನ ಇದ್ದೀರಿ. ನಿಮ್ಮೂರ ಹತ್ತಿರ ಹೈವೇ ಪಕ್ಕ ಒಳ್ಳೇದು ಯಾವುದಿದೆ ಅಂತ ನಿಮ್ಮ ಅಮ್ಮನ ಹತ್ರ ಕೇಳಿ ನನಗೆ ಹೇಳಿ. ಅಪ್ಪನ ಹತ್ರ ಕೇಳಬೇಡಿ, ಅವರಿಗೆ ಗೊತ್ತಿರಲ್ಲ.