ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು

ಪುಣೆಗೆ ಬಂದ ನಮ್ಮ ಹುಡುಗರಿಗೆ ಬೇರೆ ಯಾವುದಕ್ಕೆ ಬರವಿದ್ದರೂ ಬುದ್ಧಿಮಾತಿಗೆ ಬರವಿಲ್ಲ. ವಿಜಯಪುರದಿಂದಲೋ ಕಲಬುರ್ಗಿಯಿಂದಲೋ ಬಂದಿಳಿದ ಪದವೀಧರನ ಮೊದಲ ಊಟ ಮುಗಿಯುವುದರೊಳಗೇ ನಾವು ಹಿರಿಯರು ಉಪದೇಶ ಬಡಿಸಿಬಿಡುತ್ತೇವೆ: "ಪರಸ್ಥಳ, ತಗ್ಗಿ ಬಗ್ಗಿ ನಡೆ. ಸಾಹೇಬರಿಗೆ ಎದುರಾಡಬೇಡ. ಸಿಕ್ಕ ನೌಕರಿ ಬಿಡಬೇಡ." ಈ ಉಪದೇಶವನ್ನು ನಾನೂ ಅನೇಕರಿಗೆ ಮಾಡಿದ್ದೇನೆ. ಅದು ತಪ್ಪೆಂದು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಲೇಖನ.

ಈಚೆಗೆ ಪರಿಚಯದ ಗೃಹಸ್ಥರೊಬ್ಬರು ತಮ್ಮ ಮಗನನ್ನು ಮನೆಗೆ ಕರೆತಂದರು. ಹುಡುಗ ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ರಾತ್ರಿ ಹನ್ನೊಂದಕ್ಕೆ ಹಿಂದಿರುಗುತ್ತಾನೆ. ಪದವಿಯ ಮೂಲ ಪ್ರಮಾಣಪತ್ರಗಳೆಲ್ಲ ಕಂಪನಿಯ ಕಪಾಟಿನಲ್ಲಿ ಒತ್ತೆ. ಕೇಳಲು ಹೆದರಿಕೆ. ತಂದೆಯವರ ಬೇಡಿಕೆ ಒಂದೇ: "ನೌಕರಿ ಬಿಡಬೇಡ ಅಂತ ನೀವಾದರೂ ಬುದ್ಧಿ ಹೇಳ್ರಿ." ಹುಡುಗನ ಮುಖ ನೋಡಿ ನನಗೆ ಮಾತು ಹೊರಡಲಿಲ್ಲ.

ಒಂದು ವಿಚಿತ್ರವನ್ನು ಗಮನಿಸಿ. ಸಭೆ ಸಮಾರಂಭಗಳಲ್ಲಿ ನಾವು ಯಾರ ಹೆಸರು ಹೇಳಿ ಚಪ್ಪಾಳೆ ತಟ್ಟುತ್ತೇವೆ? ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರನ್ನು ನೆನೆಯುತ್ತೇವೆ. ನ್ಯಾಯವಾಗಿ ತಮಗೆ ಬರಬೇಕಿದ್ದ ಬಡತಿ ಇನ್ನೊಬ್ಬರ ಪಾಲಾದಾಗ ಅವರು ಮುಂಬಯಿಯ ಶಿಕ್ಷಕ ವೃತ್ತಿಗೆ ರಾಜೀನಾಮೆಯಿತ್ತು ಬೆಳಗಾವಿಯ ಸೈಕಲ್ ಅಂಗಡಿಯನ್ನು ನೆಚ್ಚಿದರು. ಮುಂದೆ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ. ಶಿಗ್ಗಾಂವಿಯ ಮಗಳು ಸುಧಾ ಮೂರ್ತಿಯವರನ್ನು ನೆನೆಯುತ್ತೇವೆ. ಮಹಿಳೆಯರು ಅರ್ಜಿ ಹಾಕಬೇಕಿಲ್ಲವೆಂಬ ಟೆಲ್ಕೋ ಜಾಹೀರಾತನ್ನು 1974ರಲ್ಲಿ ಕಂಡು, ನೇರವಾಗಿ ಜೆ.ಆರ್.ಡಿ. ಟಾಟಾ ಅವರಿಗೇ ಅಂಚೆಕಾರ್ಡು ಬರೆದು, ಇದೇ ಪುಣೆಯಲ್ಲಿ ಸಂದರ್ಶನ ಎದುರಿಸಿ ನೌಕರಿ ಪಡೆದವರು ಅವರು. ಇವರಲ್ಲಿ ಯಾರು ತಗ್ಗಿ ಬಗ್ಗಿ ನಡೆದರು? ಬಗ್ಗದವರಿಗೆ ವೇದಿಕೆಯ ಮೇಲೆ ಹಾರ, ಮನೆಯಲ್ಲಿ ಮಕ್ಕಳಿಗೆ ಬಗ್ಗುವ ಪಾಠ!

2023ರ ಅಕ್ಟೋಬರಿನಲ್ಲಿ ನಾರಾಯಣ ಮೂರ್ತಿಯವರು ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ನಮ್ಮಲ್ಲಿ ಅನೇಕರು ತಲೆದೂಗಿದರು. ಅವರ ಮೇಲಿನ ಗೌರವಕ್ಕೆ ಕುಂದು ತರದೆ ಒಂದು ಮಾತು. ಅವರು ಗೆಳೆಯರೊಡನೆ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಸ್ಥಾಪಿಸಿದ್ದು ಇದ್ದ ನೌಕರಿಯನ್ನು ಬಿಟ್ಟು. ಸ್ವಂತ ಹೊಲದಲ್ಲಿ ಬೆವರು ಸುರಿಸುವುದೇ ಬೇರೆ, ಗಾಣದ ಎತ್ತಾಗಿ ಸುತ್ತುವುದೇ ಬೇರೆ. 1948ರ ಕಾರ್ಖಾನೆ ಕಾಯ್ದೆ ಕಾರ್ಮಿಕನಿಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು, ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿಯನ್ನು ವಿಧಿಸಿತು. ಪಿಂಪ್ರಿ-ಚಿಂಚವಡದಲ್ಲಿ ದುಡಿದ ನಮ್ಮ ಪೀಳಿಗೆ ಭೋಂಗಾ ಕೂಗಿದೊಡನೆ ಮನೆ ಸೇರಿತು, ಓವರ್‌ಟೈಮನ್ನು ಎಣಿಸಿ ಪಡೆಯಿತು. ಆ ನೆರಳಲ್ಲಿ ಕಟ್ಟಿದ ಮನೆಯಲ್ಲಿ ಕುಳಿತು, ಹಿಂಜವಡಿಗೆ ಹೋಗುವ ಮಕ್ಕಳಿಗೆ ಗಡಿಯಾರ ನೋಡಬೇಡಿರೆಂದು ಹೇಳಲು ನಮಗೆ ಯಾವ ಅಧಿಕಾರ? 2024ರ ಜುಲೈಯಲ್ಲಿ ಇದೇ ಊರಿನಲ್ಲಿ, ಮೊದಲ ನೌಕರಿಗೆ ಸೇರಿ ನಾಲ್ಕು ತಿಂಗಳಾಗಿದ್ದ ಯುವತಿಯೊಬ್ಬಳು ತೀರಿಕೊಂಡಳು. ಕೆಲಸದ ಹೊರೆಯೇ ಕಾರಣವೆಂದು ತಾಯಿ ಬರೆದರು, ಸಂಸ್ಥೆ ಒಪ್ಪಲಿಲ್ಲ. ಆ ತಾಯಿಯ ಪತ್ರ ಓದಿದ ಮೇಲಾದರೂ ನಮ್ಮ ನಾಲಿಗೆ ತಡೆಯಬೇಕಿತ್ತು.

"ಮನೆ ಸಾಲದ ಕಂತು ನೀವು ಕಟ್ಟುತ್ತೀರಾ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಸಿಟ್ಟಿನ ಭರದಲ್ಲಿ ನೌಕರಿಗೆ ನೀರು ಬಿಡಿರೆಂದು ನಾನು ಹೇಳುತ್ತಿಲ್ಲ. ಕಷ್ಟಪಟ್ಟು ಕಲಿಯಲಿ, ಮರಾಠಿಯನ್ನೂ ಚೆನ್ನಾಗಿ ಕಲಿಯಲಿ. ಆದರೆ ಕಣ್ಣು ತೆರೆದು ದುಡಿಯಲಿ. ನೇಮಕಾತಿ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿ ಸಹಿ ಹಾಕಲಿ. ಮೂಲ ಪ್ರಮಾಣಪತ್ರಗಳನ್ನು ತೋರಿಸಲಿ, ಒಪ್ಪಿಸಿ ಬರದಿರಲಿ. ಸಂಬಳದಲ್ಲಿ ಮುರಿದ ಭವಿಷ್ಯನಿಧಿ ಜಮಾ ಆಗುತ್ತಿದೆಯೇ ಎಂಬುದನ್ನು ಈಗ ಮೊಬೈಲಿನಲ್ಲೇ ನೋಡಬಹುದು, ತಿಂಗಳಿಗೊಮ್ಮೆ ನೋಡಲಿ. ಇಷ್ಟು ವರ್ಷ ದುಡಿಯಬೇಕೆಂಬ ಬಾಂಡಿದ್ದರೆ ವಕೀಲರಿಗೆ ತೋರಿಸಲಿ. ಕೆಲಸ ಬಿಟ್ಟ ಮೇಲೆ ಬೇರೆಲ್ಲೂ ದುಡಿಯಕೂಡದೆಂಬ ಷರತ್ತಂತೂ 1872ರ ಕರಾರು ಕಾಯ್ದೆಯ 27ನೆಯ ಕಲಮಿನ ಪ್ರಕಾರ ನಿಲ್ಲುವುದಿಲ್ಲ. ಇದನ್ನು ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳಿಗೆ ಹೇಳಿದ್ದೇವೆ?

ನಮ್ಮ ಸಮಾಜದಲ್ಲಿ ನಿವೃತ್ತ ವಕೀಲರಿದ್ದಾರೆ, ಲೆಕ್ಕಪರಿಶೋಧಕರಿದ್ದಾರೆ, ಕಾರ್ಖಾನೆಯ ನೀರು ಕುಡಿದವರಿದ್ದಾರೆ. ತಿಂಗಳಿಗೊಂದು ಭಾನುವಾರ ಇವರಲ್ಲಿ ನಾಲ್ವರು ಎರಡು ಗಂಟೆ ಮೇಜು ಹಾಕಿಕೊಂಡು ಕುಳಿತು ಮಕ್ಕಳ ನೇಮಕಾತಿ ಪತ್ರಗಳನ್ನು ಓದಿ ಅರ್ಥ ಹೇಳಿದರೆ ಸಾಕು. ಖರ್ಚು ಚಹದ್ದು ಮಾತ್ರ. ಆ ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಇಷ್ಟೇ: "ಪ್ರಮಾಣಪತ್ರ ವಾಪಸು ಕೇಳಿ ಒಂದು ಅರ್ಜಿ ಬರೆ, ನಕಲು ಇಟ್ಟುಕೋ. ಬಾ, ಇಬ್ಬರೂ ಕೂಡಿ ಬರೆಯೋಣ." ಅವನ ತಂದೆ ಮುಖ ಗಂಟಿಕ್ಕಿಕೊಂಡೇ ಪೆನ್ನು ತೆಗೆದುಕೊಟ್ಟರು.